ಲೂಸಿಯಾ ಚಲನಚಿತ್ರ ಮತ್ತು ಪ್ರೇಕ್ಷಕರ ಭಿನ್ನ ಪ್ರತಿಕ್ರಿಯೆಗಳು

ಲೂಸಿಯಾ 2013ರ ಸೆಪ್ಟೆಂಬರ್ 6ರಂದು ಬಿಡುಗಡೆಯಾದ ಕನ್ನಡ ಚಲನಚಿತ್ರ. ಪವನ್ ಕುಮಾರ್ ಇದರ ಚಿತ್ರಕಥೆಯನ್ನು ರಚಿಸಿ ನಿರ್ದೇಶಿಸಿದ್ದಾರೆ. ಸತೀಶ್ ನೀನಾಸಂ, ಶ್ರುತಿ ಹರಿಹರನ್ ಮತ್ತು ಅಚ್ಯುತ್ ಕುಮಾರ್ ಮುಖ್ಯ ಪಾತ್ರಗಳಲ್ಲಿ ಅಭಿನಯಿಸಿದ್ದಾರೆ. ಕನಸು ಮತ್ತು ಎಚ್ಚರಗಳ ನಡುವಿನ ಗೆರೆಯನ್ನು ಅಳಿಸುತ್ತಾ, ಅದಕ್ಕೊಂದು ಪತ್ತೇದಾರಿ ಎಳೆಯನ್ನೂ ಹೆಣೆದುಕೊಂಡು ಸಾಗುವ ಈ ಚಿತ್ರವು ಬಿಡುಗಡೆಯಾದ ದಿನಗಳಿಂದಲೂ ಪ್ರೇಕ್ಷಕರನ್ನು ಇಬ್ಭಾಗಿಸಿದೆ. ಕನ್ನಡದಲ್ಲಿ ಇಂತಹ ಚಿತ್ರ ಬಂದಿರಲಿಲ್ಲವೆಂದು ಮೆಚ್ಚಿದವರು ಒಂದು ಕಡೆ, ಅರ್ಥವೇ ಆಗಲಿಲ್ಲವೆಂದು ಬೇಸರಿಸಿದವರು ಇನ್ನೊಂದು ಕಡೆ ನಿಂತರು. ಇವರಿಬ್ಬರ ನಡುವೆ ಮೂರನೆಯದೊಂದು ಆಕ್ಷೇಪವೂ ಇತ್ತು. ಅದನ್ನು ಗಮನಿಸಿದವರು ಕಡಿಮೆ.

ಹಿನ್ನೆಲೆ

ಪವನ್ ಕುಮಾರ್ ಅವರು ಯೋಗರಾಜ್ ಭಟ್ ನಿರ್ದೇಶನದ ಮನಸಾರೆ (2009) ಮತ್ತು ಪಂಚರಂಗಿ (2010) ಚಿತ್ರಗಳ ಬರವಣಿಗೆಯಲ್ಲಿ ಪಾಲ್ಗೊಂಡಿದ್ದರು. 2011ರಲ್ಲಿ ಲೈಫು ಇಷ್ಟೇನೆ ಚಿತ್ರದ ಮೂಲಕ ನಿರ್ದೇಶಕರಾದರು. ಲೂಸಿಯಾದ ಕಥೆಗೆ ನಿರ್ಮಾಪಕರು ದೊರೆಯದಿದ್ದಾಗ ಅವರು ಅಂತರ್ಜಾಲದ ಮೂಲಕ ನೇರವಾಗಿ ಪ್ರೇಕ್ಷಕರಲ್ಲಿಯೇ ಹಣಕ್ಕಾಗಿ ಮನವಿ ಮಾಡಿಕೊಂಡರು. ಸುಮಾರು 110 ಜನರಿಂದ ಸುಮಾರು 51 ಲಕ್ಷ ರೂಪಾಯಿ ಸಂಗ್ರಹವಾಯಿತು. ಚಿತ್ರವನ್ನು ನೋಡಬೇಕಾದವರೇ ಅದರ ಬಂಡವಾಳವನ್ನು ಹಾಕಿದ ಈ ಕ್ರಮ ಕನ್ನಡ ಚಿತ್ರರಂಗಕ್ಕೆ ಹೊಸತಾಗಿತ್ತು. ಹಳ್ಳಿಯ ಜನರಿಗೆ ಇದು ಅಷ್ಟೇನೂ ಹೊಸದಲ್ಲ. ಊರಿನಲ್ಲಿ ಆಟ ಆಡಿಸಬೇಕಾದಾಗ ಮನೆಮನೆಗೆ ಪಟ್ಟಿ ಹಾಕಿ ಹಣ ಕೂಡಿಸುವ ರೂಢಿಯೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು.

ಚಿತ್ರವು 2013ರ ಜುಲೈ ತಿಂಗಳಲ್ಲಿ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ಅಲ್ಲಿನ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿಯನ್ನು ಪಡೆಯಿತು. ತಾರಾಗಣದಲ್ಲಿ ಆಗ ದೊಡ್ಡ ಹೆಸರಿನ ನಟರಿರಲಿಲ್ಲ. ನಾಯಕನಟ ಸತೀಶ್ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ತರಬೇತಿ ಪಡೆದವರು. ಸಂಗೀತ ನಿರ್ದೇಶನ ಪೂರ್ಣಚಂದ್ರ ತೇಜಸ್ವಿಯವರದು. ಇವರು ಕರ್ವಾಲೋ ಕಾದಂಬರಿಯ ಕರ್ತೃವಲ್ಲ, ಅದೇ ಹೆಸರಿನ ಬೇರೆಯವರು.

ಕಥಾವಸ್ತು

ಪ್ರೇಕ್ಷಕರ ಪ್ರತಿಕ್ರಿಯೆಗಳನ್ನು ವಿವರಿಸಲು ಕಥೆಯ ಅಂತ್ಯವನ್ನು ಹೇಳುವುದು ಅನಿವಾರ್ಯ. ಚಿತ್ರವನ್ನು ಇನ್ನೂ ನೋಡದವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ನಿಕ್ಕಿ ಎಂಬ ಯುವಕ ಹಳ್ಳಿಯಿಂದ ಬೆಂಗಳೂರಿಗೆ ಬಂದು ಹಳೆಯದೊಂದು ಚಿತ್ರಮಂದಿರದಲ್ಲಿ ಟಾರ್ಚ್ ಬಿಡುವ ಕೆಲಸ ಮಾಡುತ್ತಾನೆ. ಕತ್ತಲಲ್ಲಿ ತಡವರಿಸುವ ಪ್ರೇಕ್ಷಕರಿಗೆ ಆಸನ ತೋರಿಸುವುದು ಅವನ ಕೆಲಸ. ಚಿತ್ರಮಂದಿರದ ಮಾಲೀಕ ಶಂಕ್ರಣ್ಣ ಅವನಿಗೆ ಆಸರೆ. ನಿಕ್ಕಿಗೆ ರಾತ್ರಿ ನಿದ್ರೆ ಬಾರದು. ಇದಕ್ಕೆ ಪರಿಹಾರವಾಗಿ ಲೂಸಿಯಾ ಎಂಬ ಮಾತ್ರೆಯೊಂದು ದೊರೆಯುತ್ತದೆ. ಅದನ್ನು ನುಂಗಿದವನು ತಾನು ಬಯಸಿದ ಬದುಕನ್ನು ಕನಸಿನಲ್ಲಿ ಬದುಕಬಹುದು. ನಿನ್ನೆಯ ಕನಸು ಎಲ್ಲಿ ನಿಂತಿತೋ ಅಲ್ಲಿಂದಲೇ ಇಂದು ಮುಂದುವರಿಯುತ್ತದೆ. ಕನಸಿನಲ್ಲಿ ಅವನು ನಿಖಿಲ್ ಎಂಬ ಪ್ರಸಿದ್ಧ ಚಿತ್ರನಟ. ಎಚ್ಚರದಲ್ಲಿ ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುವ ಶ್ವೇತಾ ಕನಸಿನಲ್ಲಿ ರೂಪದರ್ಶಿ. ಶಂಕ್ರಣ್ಣ ನಟನ ವ್ಯವಹಾರಗಳನ್ನು ನೋಡಿಕೊಳ್ಳುವವನು. ಇವೆರಡರ ಜೊತೆಗೆ ಮೂರನೆಯ ಎಳೆಯೊಂದಿದೆ. ಆಸ್ಪತ್ರೆಯಲ್ಲಿ ಪ್ರಜ್ಞಾಹೀನನಾಗಿ ಮಲಗಿರುವ ವ್ಯಕ್ತಿಯ ಸ್ಥಿತಿಗೆ ಕಾರಣವೇನೆಂದು ಪೊಲೀಸರು ತನಿಖೆ ನಡೆಸುತ್ತಿದ್ದಾರೆ.

ಟಾರ್ಚ್ ಬಿಡುವವನ ಬದುಕು ಬಣ್ಣದಲ್ಲಿದೆ. ನಟನ ಬದುಕು ಕಪ್ಪು-ಬಿಳುಪಿನಲ್ಲಿದೆ. ಸಹಜವಾಗಿಯೇ ಪ್ರೇಕ್ಷಕನು ಬಣ್ಣದ್ದು ನಿಜ, ಕಪ್ಪು-ಬಿಳುಪಿನದು ಕನಸು ಎಂದು ಲೆಕ್ಕ ಹಾಕಿಕೊಂಡು ಕುಳಿತಿರುತ್ತಾನೆ. ಕೊನೆಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ನಿಜವಾಗಿ ಇರುವವನು ನಟ ನಿಖಿಲ್. ಕೀರ್ತಿಯಿಂದ ದಣಿದ, ಒಂಟಿಯಾದ ಆ ನಟ, ಯಾರೂ ಗುರುತಿಸದ ಬಡ ಟಾರ್ಚ್ ಹುಡುಗನಾಗಿ ಬದುಕುವ ಕನಸನ್ನು ಕಾಣುತ್ತಿದ್ದ.

ಬಣ್ಣದ ಒಗಟು

ಇಡೀ ಚಿತ್ರದ ರಹಸ್ಯ ನಿಂತಿರುವುದು ಪ್ರೇಕ್ಷಕನ ಒಂದೇ ಒಂದು ಅಭ್ಯಾಸದ ಮೇಲೆ. ನೆನಪು, ಕನಸು ಮತ್ತು ಹಿಂದಿನ ಕಥೆಗಳನ್ನು ಕಪ್ಪು-ಬಿಳುಪಿನಲ್ಲಿ ತೋರಿಸುವುದು ಬಣ್ಣದ ಸಿನಿಮಾದ ಕಾಲದಲ್ಲಿ ಬೆಳೆದ ರೂಢಿ. ಆ ರೂಢಿ ಹಳೆಯದೂ ಅಲ್ಲ, ಸಾರ್ವತ್ರಿಕವೂ ಅಲ್ಲ. ಕಪ್ಪು-ಬಿಳುಪೇ ಸಾಮಾನ್ಯವಾಗಿದ್ದ ಕಾಲದಲ್ಲಿ ವೈಭವಕ್ಕೆ, ಹಾಡಿಗೆ, ಕಲ್ಪನೆಗೆ ಬಣ್ಣವನ್ನು ಮೀಸಲಿಡುತ್ತಿದ್ದರು. ಮೊಘಲ್-ಎ-ಆಜಮ್ (1960) ಚಿತ್ರವು ಮೊದಲು ತೆರೆಕಂಡಾಗ ಬಹುಪಾಲು ಕಪ್ಪು-ಬಿಳುಪಿನಲ್ಲಿದ್ದು, ಕನ್ನಡಿ ಮಹಲಿನ ಹಾಡು ಬಣ್ಣದಲ್ಲಿ ಬೆಳಗುತ್ತಿತ್ತು. ಅಮೆರಿಕದ ದಿ ವಿಜರ್ಡ್ ಆಫ್ ಆಜ್ (1939) ಚಿತ್ರದಲ್ಲಿ ಬಾಲಕಿಯ ಊರು ಮಾಸಿದ ಒಂದೇ ಬಣ್ಣದಲ್ಲಿದ್ದರೆ, ಅವಳು ಕಾಣುವ ಮಾಯಾಲೋಕ ಬಣ್ಣಬಣ್ಣವಾಗಿದೆ. ಲೂಸಿಯಾ ಮರಳಿದ್ದು ಈ ಹಳೆಯ ರೂಢಿಗೆ. ಬಣ್ಣದ ಬದುಕು ಕನಸಾಗಿರಬಹುದೆಂದು ಮೊದಲೇ ಊಹಿಸುವ ಅವಕಾಶ ಕಪ್ಪು-ಬಿಳುಪಿನ ಚಿತ್ರಗಳನ್ನು ನೋಡಿ ಬೆಳೆದ ಹಿರಿಯ ಪ್ರೇಕ್ಷಕರಿಗೇ ಹೆಚ್ಚಾಗಿತ್ತು ಎನ್ನಬಹುದು.

ಈ ವಿಷಯದಲ್ಲಿ ಕುತೂಹಲಕರವಾದ ಸಂಗತಿಯೊಂದಿದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಅನೇಕರು ತಮಗೆ ಕನಸುಗಳು ಕಪ್ಪು-ಬಿಳುಪಿನಲ್ಲಿ ಬೀಳುತ್ತವೆಂದು ಹೇಳುತ್ತಿದ್ದರು. ಬಣ್ಣದ ಸಿನಿಮಾ ಮತ್ತು ದೂರದರ್ಶನ ಬಂದ ಬಳಿಕ ಹಾಗೆ ಹೇಳುವವರ ಸಂಖ್ಯೆ ಕುಗ್ಗಿತು. ಕನಸನ್ನು ನಾವು ಹೇಗೆ ನೆನಪಿಸಿಕೊಳ್ಳುತ್ತೇವೆ ಎಂಬುದನ್ನೂ ನಾವು ನೋಡಿದ ಪರದೆಯೇ ಸ್ವಲ್ಪಮಟ್ಟಿಗೆ ನಿರ್ಧರಿಸುತ್ತದೆ ಎಂದು ಸಂಶೋಧಕರು ಇದನ್ನು ವಿವರಿಸಿದ್ದಾರೆ.

ಭಿನ್ನಾಭಿಪ್ರಾಯದ ನೆಲೆಗಳು

ಲೂಸಿಯಾದ ಬಗೆಗಿನ ಜಗಳವನ್ನು ಅರ್ಥವಾದವರು ಮತ್ತು ಅರ್ಥವಾಗದವರ ನಡುವಿನ ಜಗಳವೆಂದು ಹೇಳುವುದು ವಾಡಿಕೆ. ಇದು ಅರ್ಧ ಸತ್ಯ ಮಾತ್ರ.

ಮೊದಲನೆಯ ಆಕ್ಷೇಪ ಸ್ಪಷ್ಟವಾದದ್ದು. ಮೂರು ಎಳೆಗಳು ಯಾವ ಮುನ್ಸೂಚನೆಯೂ ಇಲ್ಲದೆ ಒಂದರ ಬೆನ್ನಿಗೊಂದು ಬರುತ್ತವೆ. ಒಂದೇ ಮುಖದ ನಟ ಎರಡು ಹೆಸರಿನಲ್ಲಿ, ಎರಡು ಸ್ವಭಾವದಲ್ಲಿ ಕಾಣಿಸಿಕೊಳ್ಳುತ್ತಾನೆ. ನಡುವೆ ಐದು ನಿಮಿಷ ಗಮನ ತಪ್ಪಿದರೂ ಜಾಡು ಕೈಬಿಡುತ್ತದೆ. ದಿನದ ದುಡಿಮೆ ಮುಗಿಸಿ ಮನಸ್ಸು ಹಗುರ ಮಾಡಿಕೊಳ್ಳಲು ಬಂದ ಪ್ರೇಕ್ಷಕನು ಇದನ್ನು ಪರೀಕ್ಷೆಯೆಂದು ಭಾವಿಸಿದರೆ ಅವನದು ತಪ್ಪೆನ್ನಲಾಗದು. ಟಿಕೆಟ್ಟಿಗೆ ಹಣ ಕೊಟ್ಟವನಿಗೆ ದಣಿಯುವ ಹಕ್ಕೂ ಇರುತ್ತದೆ.

ಮೆಚ್ಚಿದವರ ವಾದ ಇದಕ್ಕೆ ಸರಿಯಾಗಿ ವಿರುದ್ಧವಾದುದು. ಕನಸು ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಅದರಲ್ಲಿ ಹಗಲು ಕಂಡ ಮುಖಗಳೇ ಬೇರೆ ಬೇರೆ ಸಂಬಂಧಗಳಲ್ಲಿ ತೋರುತ್ತವೆ. ಆದ್ದರಿಂದ ಗೊಂದಲವು ಚಿತ್ರದ ದೋಷವಲ್ಲ, ಅದೇ ಚಿತ್ರದ ವಸ್ತು. ಚಿತ್ರಮಂದಿರದ ಕತ್ತಲಲ್ಲಿ ದಾರಿ ತೋರುವ ಕೆಲಸದವನನ್ನೇ ನಾಯಕನನ್ನಾಗಿಸಿ ಪ್ರೇಕ್ಷಕನನ್ನು ಕತ್ತಲಲ್ಲಿ ಬಿಟ್ಟಿರುವುದನ್ನೂ ಅವರು ಚಮತ್ಕಾರವೆಂದು ಕಂಡರು. ಈ ಗುಂಪಿನಲ್ಲಿ ಎರಡನೆಯ ಸಲ ನೋಡಿದವರು ಬಹಳ. ಅಂತ್ಯ ತಿಳಿದ ಮೇಲೆ ಪ್ರತಿಯೊಂದು ದೃಶ್ಯದ ಅರ್ಥವೂ ಬದಲಾಗುತ್ತದೆ. ಮೊದಲ ನೋಟದಲ್ಲಿ ಬಡವನ ಹಗಲುಗನಸಾಗಿ ಕಂಡ ಭಾಗವು ಎರಡನೆಯ ನೋಟದಲ್ಲಿ ಸಿರಿವಂತನ ಏಕಾಂತವಾಗಿ ಕಾಣುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದುದು. ಅದು ಚಿತ್ರವನ್ನು ಪ್ರೀತಿಸಿದವರಿಂದಲೇ ಬಂದದ್ದು. ಅವರ ದೂರು ಚಿತ್ರ ಅರ್ಥವಾಗಲಿಲ್ಲ ಎಂಬುದಲ್ಲ, ಕೊನೆಯಲ್ಲಿ ತೀರಾ ಅರ್ಥವಾಗಿಬಿಡುತ್ತದೆ ಎಂಬುದು. ಎರಡು ಗಂಟೆಗಳ ಕಾಲ ಯಾವುದು ನಿಜವೆಂಬ ಪ್ರಶ್ನೆಯನ್ನು ತೆರೆದಿಟ್ಟು, ಕೊನೆಯ ಘಟ್ಟದಲ್ಲಿ ಇದೇ ನಿಜ ಎಂದು ಬೀಗದ ಕೈ ಒಪ್ಪಿಸಿದರೆ ಕನಸು ಮುಗಿದು ಲೆಕ್ಕ ಉಳಿಯುತ್ತದೆ. ಈ ಆಕ್ಷೇಪದಲ್ಲಿ ತೂಕವಿದೆ. ಆದರೂ ಟಾರ್ಚ್ ಹುಡುಗನ ಬದುಕು ಕನಸೆಂದು ತಿಳಿದ ಮೇಲೂ ಪ್ರೇಕ್ಷಕನ ಮನಸ್ಸಿನಲ್ಲಿ ಉಳಿಯುವವನು ಅವನೇ, ನಟನಲ್ಲ. ಬೀಗ ತೆರೆದ ಮೇಲೂ ಉಳಿಯುವ ಈ ಪಕ್ಷಪಾತವನ್ನು ಚಿತ್ರ ವಿವರಿಸಲು ಹೋಗುವುದಿಲ್ಲ.

ಅಮೆರಿಕದ ಡೇವಿಡ್ ಲಿಂಚ್ ನಿರ್ದೇಶಿಸಿದ ಮಲ್ಹಾಲೆಂಡ್ ಡ್ರೈವ್ (2001) ಚಿತ್ರದೊಡನೆ ಹೋಲಿಸಿದಾಗ ಈ ಭೇದ ನಿಚ್ಚಳವಾಗುತ್ತದೆ. ಅದೂ ಚಿತ್ರನಟರ ಲೋಕದಲ್ಲಿ ನಡೆಯುವ, ಕನಸಿನಂತಹ ರಹಸ್ಯಕಥೆ. ಅದರ ಬಹುಭಾಗ ಕನಸು, ಕೊನೆಯ ಭಾಗ ಎಚ್ಚರ ಎಂಬ ವ್ಯಾಖ್ಯಾನ ಜನಪ್ರಿಯವಾಗಿದ್ದರೂ ಲಿಂಚ್ ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಡಿವಿಡಿಯೊಂದಿಗೆ ಹತ್ತು ಸುಳಿವುಗಳನ್ನು ಕೊಟ್ಟರು; ಅವು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದವು. ಆ ಚಿತ್ರಕ್ಕಾಗಿ ಕಾನ್ ಚಿತ್ರೋತ್ಸವದಲ್ಲಿ ಅವರು ಅತ್ಯುತ್ತಮ ನಿರ್ದೇಶಕ ಪ್ರಶಸ್ತಿಯನ್ನು ಹಂಚಿಕೊಂಡರು. 2016ರಲ್ಲಿ ಬಿಬಿಸಿ ನಡೆಸಿದ ವಿಮರ್ಶಕರ ಸಮೀಕ್ಷೆಯಲ್ಲಿ ಅದು ಇಪ್ಪತ್ತೊಂದನೆಯ ಶತಮಾನದ ಶ್ರೇಷ್ಠ ಚಿತ್ರವೆಂದು ಮೊದಲ ಸ್ಥಾನ ಪಡೆಯಿತು. ಉತ್ತರ ಸಿಗಲಿಲ್ಲವೆಂದು ಸಿಟ್ಟಾಗಿ ಹೊರನಡೆದವರೂ ಆ ಚಿತ್ರಕ್ಕೆ ಕಡಿಮೆಯಿಲ್ಲ. ಲಿಂಚ್ ಉತ್ತರ ಕೊಡದೆ ಪ್ರೇಕ್ಷಕರನ್ನು ಒಡೆದರು. ಲೂಸಿಯಾ ಉತ್ತರ ಕೊಟ್ಟು ಒಡೆಯಿತು.

ಕನಸಿನ ವಿಚಾರ

ಚಿತ್ರದ ಹೆಸರು ಲೂಸಿಡ್ ಡ್ರೀಮ್ ಎಂಬ ಮಾತನ್ನು ನೆನಪಿಸುತ್ತದೆ. ಕಾಣುತ್ತಿರುವುದು ಕನಸೆಂಬ ಅರಿವು ಕನಸಿನೊಳಗೇ ಇರುವ ಸ್ಥಿತಿಗೆ ಈ ಹೆಸರಿದೆ. ಡಚ್ ಲೇಖಕ ಹಾಗೂ ಮನೋವೈದ್ಯ ಫ್ರೆಡರಿಕ್ ವಾನ್ ಈಡನ್ 1913ರಲ್ಲಿ ಇದನ್ನು ಬಳಕೆಗೆ ತಂದರು. ಚಿತ್ರ ಬಂದದ್ದು ಅದಕ್ಕೆ ಸರಿಯಾಗಿ ನೂರು ವರ್ಷಗಳ ನಂತರ. ನಿದ್ರೆಯಲ್ಲಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಹಂತವನ್ನು 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ವರದಿ ಮಾಡಿದರು. ಕನಸುಗಳು ಹೆಚ್ಚು ಸ್ಪಷ್ಟವಾಗಿ ಬೀಳುವುದು ಈ ಹಂತದಲ್ಲಿ. 1970ರ ದಶಕದಲ್ಲಿ ಇಂಗ್ಲೆಂಡಿನ ಕೀತ್ ಹರ್ನ್, ಅನಂತರ ಅಮೆರಿಕದ ಸ್ಟೀಫನ್ ಲಾಬರ್ಜ್, ನಿದ್ರಿಸುತ್ತಿರುವವರು ಕನಸಿನೊಳಗಿನಿಂದಲೇ ಮೊದಲೇ ಗೊತ್ತುಪಡಿಸಿದಂತೆ ಕಣ್ಣು ಚಲಿಸಿ ಸಂಜ್ಞೆ ಕೊಡಬಲ್ಲರೆಂದು ತೋರಿಸಿದರು. ಹೀಗಾಗಿ ಅರಿವಿನ ಕನಸು ಕಟ್ಟುಕಥೆಯಲ್ಲ. ಆದರೆ ಪ್ರತಿ ರಾತ್ರಿ ಧಾರಾವಾಹಿಯಂತೆ ಮುಂದುವರಿಯುವ ಕನಸನ್ನು ಕೊಡುವ ಮಾತ್ರೆ ಚಿತ್ರದ ಕಲ್ಪನೆ. ವಿದ್ಯಾರ್ಥಿಗಳು ಇವೆರಡನ್ನು ಬೆರೆಸಬಾರದು.

ಕಥೆಯ ತಿರುಳು ಭಾರತೀಯರಿಗೆ ಅಪರಿಚಿತವಲ್ಲ. ಜನಕರಾಜನು ತಾನು ಭಿಕ್ಷುಕನಾದಂತೆ ಕನಸು ಕಂಡು ಎಚ್ಚೆತ್ತು, ಅದು ನಿಜವೋ ಇದು ನಿಜವೋ ಎಂದು ಸಭೆಯನ್ನು ಕೇಳಿದ ಕಥೆಯನ್ನು ಪುರಾಣ ಪ್ರವಚನಕಾರರು ಇಂದಿಗೂ ಹೇಳುತ್ತಾರೆ. ಅಷ್ಟಾವಕ್ರನು ಅದೂ ನಿಜವಲ್ಲ, ಇದೂ ನಿಜವಲ್ಲ ಎಂದು ಉತ್ತರಿಸುತ್ತಾನೆ. ಯೋಗವಾಸಿಷ್ಠದಲ್ಲಿ ಬರುವ ಲವಣರಾಜನು ಸಿಂಹಾಸನದಲ್ಲಿ ಕುಳಿತಿದ್ದಂತೆಯೇ ಮಾಯೆಗೊಳಗಾಗಿ, ಕ್ಷಣಕಾಲದಲ್ಲಿ ಬಡತನದ ದೀರ್ಘ ಬದುಕೊಂದನ್ನು ಅನುಭವಿಸುತ್ತಾನೆ. ಅರಸನು ಬಡವನ ಕನಸು ಕಾಣುವ ಈ ಕಥೆಗಳನ್ನು ಬಲ್ಲವರಿಗೆ ನಟನು ಟಾರ್ಚ್ ಹುಡುಗನ ಕನಸು ಕಾಣುವುದು ವಿಚಿತ್ರವೆನಿಸಬೇಕಾಗಿಲ್ಲ. ವ್ಯತ್ಯಾಸವಿರುವುದು ಉತ್ತರದಲ್ಲಿ. ಅಷ್ಟಾವಕ್ರ ಎರಡನ್ನೂ ನಿರಾಕರಿಸಿದ. ಚಿತ್ರ ಒಂದನ್ನು ಆರಿಸಿಕೊಂಡಿತು.

ಊರಿನ ಪ್ರೇಕ್ಷಕರ ಪ್ರಶ್ನೆ

ಇಂತಹ ಚಿತ್ರಗಳು ಬಂದಾಗಲೆಲ್ಲ ಇವು ಮಲ್ಟಿಪ್ಲೆಕ್ಸ್ ಚಿತ್ರಗಳು, ಬಿ ಮತ್ತು ಸಿ ಸೆಂಟರಿನ ಜನರಿಗೆ ಅರ್ಥವಾಗುವುದಿಲ್ಲ ಎಂಬ ಮಾತು ಗಾಂಧಿನಗರದ ವಿತರಕರ ವಲಯದಲ್ಲಿ ಕೇಳಿಬರುತ್ತದೆ. ಈ ಮಾತು ಬರಿಯ ಅಭಿಪ್ರಾಯವಾಗಿ ಉಳಿಯುವುದಿಲ್ಲ. ಯಾವ ಊರಿಗೆ ಯಾವ ಚಿತ್ರ ಹೋಗಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ನೋಡುವ ಅವಕಾಶವೇ ಇಲ್ಲದವರನ್ನು ಅರ್ಥವಾಗದವರ ಲೆಕ್ಕಕ್ಕೆ ಸೇರಿಸಿದಂತಾಗುತ್ತದೆ. ಹಳ್ಳಿಯಿಂದ ಬಂದು ಹಳೆಯ ಚಿತ್ರಮಂದಿರದಲ್ಲಿ ದುಡಿಯುವವನ ಕಥೆಯನ್ನು ಹಳ್ಳಿಯವರು ಅರಿಯಲಾರರೆಂಬ ತೀರ್ಮಾನವೂ ವಿಚಿತ್ರವೇ.

ಈ ತೀರ್ಮಾನವನ್ನು ಪರಿಶೀಲಿಸಲು ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳು ಒಳ್ಳೆಯ ನಿದರ್ಶನ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಈಗ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿವೆ. ಇಲ್ಲಿ ಬಯಲಾಟದ ಪರಂಪರೆ ಬಲವಾದುದು. ರಾತ್ರಿಯಿಡೀ ನಡೆಯುವ ಆಟದಲ್ಲಿ ಸಾರಥಿಯು ರಂಗಕ್ಕೆ ಬಂದ ಪ್ರತಿಯೊಬ್ಬ ಪಾತ್ರಧಾರಿಯನ್ನೂ ಮಾತಿಗೆಳೆದು, ಅವನು ಯಾರು, ಏಕೆ ಬಂದ ಎಂಬುದನ್ನು ಅವನ ಬಾಯಿಂದಲೇ ಹೊರಡಿಸುತ್ತಾನೆ. ನಡುವೆ ನಿದ್ದೆ ಹೋಗಿ ಎದ್ದವನಿಗೂ ಕಥೆಯ ಎಳೆ ತಪ್ಪುವುದಿಲ್ಲ. ಇಂತಹ ನೋಟಕ್ಕೆ ಒಗ್ಗಿದವರಿಗೆ ಸಾರಥಿಯಿಲ್ಲದ ಲೂಸಿಯಾ ಮೊದಲಿಗೆ ಕಷ್ಟವೆನಿಸಬಹುದು. ಆದರೆ ಅದೇ ಪ್ರೇಕ್ಷಕನು ರಾತ್ರಿ ದುರ್ಯೋಧನನಾಗಿ ಕಿರೀಟ ಧರಿಸಿ ಕುಣಿದವನು ಬೆಳಿಗ್ಗೆ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುವುದನ್ನು ಕಂಡವನು. ಒಬ್ಬನೇ ಮನುಷ್ಯನ ಎರಡು ಬದುಕು ಅವನಿಗೆ ಗೊಂದಲದ ವಿಷಯವಲ್ಲ.

ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ ಇನ್ನೂ ಹತ್ತಿರದ ಉದಾಹರಣೆ. ಪ್ರತಿವರ್ಷ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ನೆರೆದ ಜನಸಾಗರವನ್ನು ಮೌನಗೊಳಿಸಿ, ಒಂದೇ ಒಂದು ಒಗಟಿನಂತಹ ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ನುಡಿಯನ್ನು ರೈತರು ಮಳೆ-ಬೆಳೆಗೆ ಅನ್ವಯಿಸಿದರೆ, ವ್ಯಾಪಾರಿಗಳು ಧಾರಣೆಗೆ, ರಾಜಕಾರಣದಲ್ಲಿ ಆಸಕ್ತರು ಸರ್ಕಾರದ ಭವಿಷ್ಯಕ್ಕೆ ಅನ್ವಯಿಸುತ್ತಾರೆ. ಒಂದೇ ಮಾತಿಗೆ ಹತ್ತು ಅರ್ಥ ಹುಟ್ಟಿ ವರ್ಷವಿಡೀ ಚರ್ಚೆಯಾಗುತ್ತದೆ. ಅರ್ಥ ಒಂದೇ ಇರಬೇಕೆಂದು ಅಲ್ಲಿ ಯಾರೂ ಹಟ ಹಿಡಿಯುವುದಿಲ್ಲ. ಸಾಹಿತ್ಯದಲ್ಲಿಯೂ ಇದೇ ಪರಿಸರದ ಮಾತು ಸಾಗಿದೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಅರಮನೆ ಕಾದಂಬರಿಯಲ್ಲಿ ಇತಿಹಾಸ, ಐತಿಹ್ಯ ಮತ್ತು ಅದ್ಭುತಗಳು ಬೇರ್ಪಡಿಸಲಾಗದಂತೆ ಬೆರೆತಿವೆ. ಅದಕ್ಕೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತಿದೆ.

ಆದ್ದರಿಂದ ಊರಿನ ಪ್ರೇಕ್ಷಕನಿಗೆ ಕೊರತೆಯಿರುವುದು ಗ್ರಹಿಕೆಯದಲ್ಲ. ಎರಡನೆಯ ಸಲ ನೋಡುವ ಅವಕಾಶದ್ದು. ಲೂಸಿಯಾದಂತಹ ಚಿತ್ರ ಎರಡನೆಯ ನೋಟವನ್ನು ಬೇಡುತ್ತದೆ. ಒಂದು ವಾರ ನಿಲ್ಲದೆ ಎತ್ತಂಗಡಿಯಾಗುವ ಚಿತ್ರಕ್ಕೆ ಆ ನೋಟ ಸಿಗುವುದಿಲ್ಲ.

ಕನ್ನಡದ ಇತರ ನಿದರ್ಶನಗಳು

ಪ್ರೇಕ್ಷಕರನ್ನು ಹೀಗೆ ಒಡೆದ ಚಿತ್ರಗಳಲ್ಲಿ ಲೂಸಿಯಾ ಮೊದಲನೆಯದೇನಲ್ಲ. ಟಿ.ಜಿ. ರಾಘವ ಅವರ ಕಥೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ ಮನೆ ಚಿತ್ರದಲ್ಲಿ, ಬಾಡಿಗೆ ಮನೆಗೆ ಬಂದ ದಂಪತಿಯ ಬದುಕು ಪಕ್ಕದ ಶೆಡ್ಡಿನ ಸದ್ದಿನಿಂದ ದುಃಸ್ವಪ್ನದಂತಾಗುತ್ತದೆ. ವಾಸ್ತವವಾದಿ ಚಿತ್ರಗಳಿಗೆ ಹೆಸರಾದ ನಿರ್ದೇಶಕರ ಈ ಬದಲಾದ ದಾರಿ ಅವರ ಅಭಿಮಾನಿಗಳಲ್ಲಿಯೇ ಅಚ್ಚರಿ ಮೂಡಿಸಿತ್ತು. ರಕ್ಷಿತ್ ಶೆಟ್ಟಿಯವರ ಉಳಿದವರು ಕಂಡಂತೆ (2014) ಕನಸಿನ ಚಿತ್ರವಲ್ಲ. ಆದರೆ ಮಲ್ಪೆಯ ಒಂದು ಘಟನೆಯನ್ನು ಹಲವರ ಕಣ್ಣಿನಿಂದ ಹೇಳಿ, ಬಿಡುಗಡೆಯಾದಾಗ ಹಿನ್ನಡೆ ಕಂಡು, ವರ್ಷಗಳ ನಂತರ ಅಪಾರ ಮೆಚ್ಚುಗೆ ಗಳಿಸಿತು.

ಪ್ರೇಕ್ಷಕರ ಒಡಕನ್ನೇ ಬಂಡವಾಳ ಮಾಡಿಕೊಂಡವರು ಉಪೇಂದ್ರ. ಕಾಲಕ್ರಮವನ್ನು ಹಿಂದುಮುಂದು ಮಾಡಿದ ಎ (1998) ಚಿತ್ರವನ್ನು ಬುದ್ಧಿವಂತರಿಗೆ ಮಾತ್ರ ಎಂದು ಪ್ರಚಾರ ಮಾಡಲಾಗಿತ್ತು. ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಚಿತ್ರ ಭರ್ಜರಿಯಾಗಿ ಓಡಿತು. ಅವರದೇ ಯುಐ (2024) ಚಿತ್ರವು ಒಂದು ಸಿನಿಮಾವನ್ನು ನೋಡಿದ ಪ್ರೇಕ್ಷಕರು ಹುಚ್ಚೆದ್ದು ವಿಚಿತ್ರವಾಗಿ ವರ್ತಿಸುವುದರಿಂದಲೇ ಆರಂಭವಾಗುತ್ತದೆ. ವಿಮರ್ಶಕನೊಬ್ಬ ಅದಕ್ಕೆ ವಿಮರ್ಶೆ ಬರೆಯಲಾರದೆ ಒದ್ದಾಡುತ್ತಾನೆ.

ಲೂಸಿಯಾ ತಮಿಳಿನಲ್ಲಿ ಎನಕ್ಕುಳ್ ಒರುವನ್ (2015) ಎಂಬ ಹೆಸರಿನಲ್ಲಿ ಮರುನಿರ್ಮಾಣವಾಯಿತು. ಪ್ರಸಾದ್ ರಾಮರ್ ನಿರ್ದೇಶಿಸಿದ ಈ ಚಿತ್ರದಲ್ಲಿ ಸಿದ್ಧಾರ್ಥ್ ನಾಯಕರಾಗಿ, ಕನ್ನಡದ ನಟಿ ದೀಪಾ ಸನ್ನಿಧಿ ನಾಯಕಿಯಾಗಿ ಅಭಿನಯಿಸಿದರು. ಮೂಲದಲ್ಲಿ ಹೆಚ್ಚು ಪರಿಚಿತನಲ್ಲದ ನಟನೊಬ್ಬ ತಾರೆಯಾಗುವ ಕನಸು ಕಾಣುವಂತೆ ತೋರಿದ್ದರೆ, ಇಲ್ಲಿ ಎಲ್ಲರೂ ಬಲ್ಲ ತಾರೆಯೊಬ್ಬರು ಟಾರ್ಚ್ ಹಿಡಿದು ನಿಂತಿದ್ದರು. ಯಾವ ಬದುಕು ನಿಜವೆಂಬ ಗುಟ್ಟು ಆ ಮುಖವನ್ನು ಕಂಡೊಡನೆಯೇ ಅರ್ಧದಷ್ಟು ಬಯಲಾಗುತ್ತಿತ್ತು.